ಲಿಬ್ರೆಆಫೀಸಿನ ಹೊರನೋಟವೂ ಕನ್ನಡದ ಪುಟವೂ

ಪುಣೆಯಿಂದ ಅಹಿಲ್ಯಾನಗರಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಶಿರೂರು ತಾಲೂಕಿನಲ್ಲಿ, ರಾಂಜಣಗಾಂವವಿದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಈ ಊರು ಇಂದು ದೊಡ್ಡ ಕೈಗಾರಿಕಾ ವಸಾಹತೂ ಆಗಿದೆ. ಉದ್ಯೋಗಕ್ಕೆಂದು ಅಲ್ಲಿ ನೆಲೆಸಿದ ಕನ್ನಡಿಗನೊಬ್ಬನು ರಾತ್ರಿಯ ಬಿಡುವಿನಲ್ಲಿ ತನ್ನ ಸಂಘದ ಪತ್ರಿಕೆಗಾಗಿ ಲಿನಕ್ಸ್ ಗಣಕದ ಮುಂದೆ ಬರೆಯಲು ಕುಳಿತನೆಂದು ಊಹಿಸಬಹುದು. ಕಣ್ಣಿಗೆ ತಂಪಾಗಿರಲೆಂದು ಅವನು ಡೆಸ್ಕ್‌ಟಾಪಿಗೆ ಕಪ್ಪು ಥೀಮನ್ನು ಆರಿಸಿದ್ದಾನೆ. ಉಳಿದ ಕಿಟಕಿಗಳೆಲ್ಲವೂ ಅದನ್ನು ಅನುಸರಿಸಿವೆ. ಲಿಬ್ರೆಆಫೀಸ್ ಮಾತ್ರ ಬೂದುಬಣ್ಣದ ಹಳೆಯ ವೇಷದಲ್ಲಿಯೇ ನಿಂತಿದೆ. ಇದಕ್ಕೆ ಕಾರಣವೇನು?

ಕಾರಣವು ಈ ತಂತ್ರಾಂಶದ ಹುಟ್ಟಿನಲ್ಲಿಯೇ ಇದೆ. ಜರ್ಮನಿಯ ಸ್ಟಾರ್‌ಆಫೀಸನ್ನು ಸನ್ ಸಂಸ್ಥೆಯು 1999ರಲ್ಲಿ ಕೊಂಡು, 2000ದಲ್ಲಿ ಅದರ ಮೂಲಸಂಕೇತವನ್ನು ಸಾರ್ವಜನಿಕರಿಗೆ ತೆರೆಯಿತು. ಅದರಿಂದ ಬೆಳೆದ ಓಪನ್‌ಆಫೀಸಿನ ಕವಲಾಗಿ 2010ರಲ್ಲಿ ಲಿಬ್ರೆಆಫೀಸ್ ಹೊರಬಂದಿತು. ಹಲವು ಬಗೆಯ ಗಣಕಗಳಲ್ಲಿ ನಡೆಯಬೇಕಾದ ಈ ತಂತ್ರಾಂಶವು ಯಾವ ಒಂದು ಡೆಸ್ಕ್‌ಟಾಪಿಗೂ ಸೇರಿದುದಲ್ಲ. ಗುಂಡಿ, ಮೆನುಗಳನ್ನು ಚಿತ್ರಿಸಲು ವಿಸಿಎಲ್ ಎಂಬ ಸ್ವಂತ ಪದರವೊಂದು ಅದಕ್ಕಿದೆ. ಇತ್ತ ಲಿನಕ್ಸಿನಲ್ಲಿಯೂ ಏಕರೂಪತೆಯಿಲ್ಲ: 1996ರಲ್ಲಿ ಆರಂಭವಾದ ಕೆಡಿಇ ಕ್ಯೂಟ್ ಎಂಬ ಸಾಧನವನ್ನೂ, 1997ರಲ್ಲಿ ಆರಂಭವಾದ ಗ್ನೋಮ್ ಜಿಟಿಕೆ ಎಂಬುದನ್ನೂ ಆಶ್ರಯಿಸಿವೆ. ವಿಸಿಎಲ್‌ಗೂ ಇವುಗಳಿಗೂ ನಡುವೆ ದುಭಾಷಿಯಂತೆ ನಿಲ್ಲುವುದು ಪ್ಲಗಿನ್. ಅದಿಲ್ಲದೆ ಹೋದರೆ ಡೆಸ್ಕ್‌ಟಾಪಿನ ಮಾತು ಲಿಬ್ರೆಆಫೀಸಿಗೆ ಮುಟ್ಟದು.

ಆದುದರಿಂದ ಮೊದಲು ಪರೀಕ್ಷಿಸತಕ್ಕದ್ದು ಈ ದುಭಾಷಿಯನ್ನೇ. ಸಹಾಯ ಮೆನುವಿನಲ್ಲಿ ಲಿಬ್ರೆಆಫೀಸಿನ ಪರಿಚಯ ಹೇಳುವ ಕಿಟಕಿಯನ್ನು ತೆರೆದರೆ ವಿಸಿಎಲ್ ಎಂಬುದರ ಮುಂದೆ ಒಂದು ಹೆಸರು ಕಾಣುವುದು. ಗ್ನೋಮ್‌ನಲ್ಲಿ ಜಿಟಿಕೆ3, ಕೆಡಿಇಯಲ್ಲಿ ಕೆಎಫ್5 ಅಥವಾ ಕೆಎಫ್6 ಎಂದಿದ್ದರೆ ಸಂಬಂಧವು ಸರಿಯಾಗಿದೆ. ಎಕ್ಸ್11 ಎಂದಿದ್ದರೆ ತಕ್ಕ ಪ್ಲಗಿನ್ ಕೆಲಸಮಾಡುತ್ತಿಲ್ಲ. ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳಲ್ಲಿ ಅದು ಪ್ರತ್ಯೇಕ ಪ್ಯಾಕೇಜಾಗಿ ದೊರೆಯುತ್ತದೆ. ಅದನ್ನು ಸ್ಥಾಪಿಸಿ ಲಿಬ್ರೆಆಫೀಸನ್ನು ಪುನಃ ತೆರೆದರೆ ಸಾಮಾನ್ಯವಾಗಿ ಬಣ್ಣ, ಗುಂಡಿ, ಮೆನುವಿನ ಅಕ್ಷರ ಎಲ್ಲವೂ ಡೆಸ್ಕ್‌ಟಾಪನ್ನು ಅನುಸರಿಸುವುವು. ಐಕಾನುಗಳ ಆಯ್ಕೆಯನ್ನು ಆಪ್ಷನ್ಸ್ ಕಿಟಕಿಯಲ್ಲಿ ಸ್ವಯಂಚಾಲಿತವಾಗಿ ಬಿಡುವುದು ಲೇಸು. ಕಪ್ಪು ಹಿನ್ನೆಲೆಯಲ್ಲಿ ಅವು ಮಸುಕಾಗಿ ಕಂಡರೆ ಬ್ರೀಜ್ ಅಥವಾ ಕೊಲಿಬ್ರೆಯ ಕಪ್ಪು ಥೀಮಿನ ರೂಪವನ್ನು ಆರಿಸಬಹುದು.

ಇಷ್ಟು ಹೊರಗಿನ ಮಾತಾಯಿತು. ಬರೆಯುವ ಪುಟದ ಸಂಗತಿ ಬೇರೆ. ಅಕ್ಷರದ ಬಣ್ಣವನ್ನು ಸ್ವಯಂಚಾಲಿತವಾಗಿ ಬಿಟ್ಟಿದ್ದರೆ ಪುಟವು ಕಪ್ಪಾದಾಗ ಅಕ್ಷರವು ತಾನಾಗಿ ಬೆಳ್ಳಗಾಗುತ್ತದೆ. ಕಪ್ಪು ಬಣ್ಣವನ್ನೇ ಗೊತ್ತುಮಾಡಿದ್ದರೆ ಕಪ್ಪಿನಲ್ಲಿ ಕಪ್ಪು ಕರಗಿಹೋಗುತ್ತದೆ. ಕನ್ನಡದ ಅಕ್ಷರಶೈಲಿಯಂತೂ ಡೆಸ್ಕ್‌ಟಾಪಿನ ಥೀಮಿಗೆ ಅಧೀನವಲ್ಲ. ಸಂಕೀರ್ಣ ಲಿಪಿಗಳ ವಿಭಾಗದಲ್ಲಿ ಕನ್ನಡವನ್ನು ಆರಿಸಿ, ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಮುಂತಾದ ಯೂನಿಕೋಡ್ ಫಾಂಟೊಂದನ್ನು ಅಲ್ಲಿಯೇ ನಿಗದಿಮಾಡಬೇಕು. ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ಹಾರ್ಫ್‌ಬಜ್ ಎಂಬ ವ್ಯವಸ್ಥೆಯು 2017ರ 5.3ನೆಯ ಆವೃತ್ತಿಯಿಂದ ಎಲ್ಲ ಗಣಕಗಳಲ್ಲಿಯೂ ಸಮಾನವಾಗಿದೆ. ಆದರೆ ಫಾಂಟೇ ಇಲ್ಲದಿದ್ದರೆ ಅದು ಮಾಡುವುದೇನೂ ಇಲ್ಲ.

ಕನ್ನಡ ಸಂಘಗಳಿಗೆ ನಿಜವಾದ ಅಪಾಯವಿರುವುದು ಇಲ್ಲಿ. ಯೂನಿಕೋಡ್ ಬಳಕೆಗೆ ಮುನ್ನ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೋರುತ್ತವೆ. ಯಾವ ಥೀಮೂ ಇದನ್ನು ಸರಿಪಡಿಸಲಾರದು. ಯೂನಿಕೋಡಿಗೆ ಪರಿವರ್ತಿಸುವುದೊಂದೇ ದಾರಿ. ಹಳೆಯ ಸಂಚಿಕೆಗಳ ಕಡತಗಳನ್ನು ಇಟ್ಟುಕೊಂಡಿರುವ ಸಂಘಗಳು ಈ ಕಾರ್ಯವನ್ನು ಮುಂದೂಡುವುದು ಹಿತವಲ್ಲ.

ರಾಂಜಣಗಾಂವದ ಬರಹಗಾರನು ಧಾರವಾಡಕ್ಕೆ ಕಡತವನ್ನು ಕಳುಹಿಸಿದಾಗ ಅವನ ಕಪ್ಪು ಥೀಮು ಅದರೊಡನೆ ಹೋಗುವುದಿಲ್ಲ; ಫಾಂಟನ್ನು ಕಡತದಲ್ಲಿ ಅಡಕಮಾಡದಿದ್ದರೆ ಅದೂ ಹೋಗುವುದಿಲ್ಲ. ಹೋಗುವುದು ಬರಹ ಮಾತ್ರ. ಪರಸ್ಥಳದಲ್ಲಿ ನೆಲೆಸಿದವರು ಬೀದಿಯಲ್ಲಿ ಅಲ್ಲಿಯ ನುಡಿಯನ್ನಾಡಿ ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡಂತೆ, ಗಣಕದಲ್ಲಿಯೂ ಹೊರನೋಟವು ಇದ್ದ ನೆಲೆಗೆ ಹೊಂದಿಕೊಳ್ಳಲಿ. ಒಳಗಿನ ಅಕ್ಷರವು ಎಲ್ಲಿ ತೆರೆದರೂ ಕನ್ನಡವಾಗಿಯೇ ಇರಲಿ.