ಬೇರೆಯವರ ಹಾಡಿಗೆ ಸಂಪಾದಕರಿಗೆ ಜೈಲು!

ಬೀದಿ ವ್ಯಾಪಾರಿಯೊಬ್ಬನಿಗೆ ಹಾಡಿನ ಹಾಳೆಗಳನ್ನು ಅಚ್ಚುಹಾಕಿ ಕೊಟ್ಟಿದ್ದಕ್ಕೆ 1795ರಲ್ಲಿ ಜೈಲು ಸೇರಿದವರು ಜೇಮ್ಸ್ ಮಾಂಟ್‌ಗೊಮರಿ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ‘ಐರಿಸ್’ ಪತ್ರಿಕೆಗೆ ಸಂಪಾದಕರೂ ಅವರೇ, ಮುದ್ರಕರೂ ಅವರೇ. ಪ್ಯಾರಿಸ್‌ನ ಬಾಸ್ಟೀಲ್ ಕೋಟೆ ಉರುಳಿದ್ದನ್ನು ಕೊಂಡಾಡುವ ಆ ಹಾಡು ಅವರು ಬರೆದದ್ದಲ್ಲ. ಅದರ ಅಚ್ಚುಮೊಳೆಗಳನ್ನು ಜೋಡಿಸಿಟ್ಟಿದ್ದೂ ಮುದ್ರಣಾಲಯದ ಹಿಂದಿನ ಮಾಲೀಕರ ಕಾಲದಲ್ಲಿ! ಆದರೂ ಮೂರು ತಿಂಗಳ ಸೆರೆ, 20 ಪೌಂಡ್ ದಂಡ.

ಅದೇ ವರ್ಷ ಊರಿನಲ್ಲಿ ಗುಂಪಿನ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಆ ವರದಿ ‘ಐರಿಸ್’ನಲ್ಲಿ ಅಚ್ಚಾಯಿತು. ಅದಕ್ಕಾಗಿ 1796ರಲ್ಲಿ ಮಾಂಟ್‌ಗೊಮರಿಗೆ ಮತ್ತೆ ಆರು ತಿಂಗಳ ಸೆರೆ. ಯಾರ್ಕ್ ಕೋಟೆಯ ಜೈಲಿನಲ್ಲೇ ಬರೆದ ಕವಿತೆಗಳನ್ನು 1797ರಲ್ಲಿ ಪುಸ್ತಕವಾಗಿ ತಂದರು. ಈ ದಿಟ್ಟ ಸಂಪಾದಕರು ‘ಐರಿಸ್’ ಬಿಟ್ಟದ್ದು 1825ರಲ್ಲಿ.