ಅಡಾಪ್ಟ್ ಮತ್ತು ಅಡ್ಯಾಪ್ಟ್

ಕನ್ನಡದ ಮೇಷ್ಟರೊಬ್ಬರು ಇಂಗ್ಲಿಷಿನ ಎರಡು ಕ್ರಿಯಾಪದಗಳನ್ನು ಕುರಿತು ಮಾತನಾಡಹೊರಟರೆ ಕೆಲವರಿಗೆ ಅಧಿಕಪ್ರಸಂಗವೆನಿಸಬಹುದು. ಆದರೆ ಈ ಎರಡು ಪದಗಳ ಋಣವೊಂದು ನನ್ನ ಮೇಲೆ ಬಹುಕಾಲದಿಂದ ಉಳಿದಿದೆ.

ಹುಮನಾಬಾದಿನಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲ. ಬಸವಕಲ್ಯಾಣದಿಂದ ನಿತ್ಯವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ವಿದ್ಯಾರ್ಥಿವೇತನದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು ತಿದ್ದಿಕೊಡಿರೆಂದು ನನ್ನ ಕೈಗಿತ್ತ. ತಂದೆಯ ಹೆಸರಿನ ಕೆಳಗೊಂದು ವಿವರಣೆಯಿತ್ತು: ತನ್ನನ್ನು ಕಾಕಾ 'ಅಡ್ಯಾಪ್ಟ್' ಮಾಡಿಕೊಂಡಿದ್ದಾರೆ ಎಂದು. ನಾನು ನಕ್ಕೆ. ನಕ್ಕದ್ದಷ್ಟೇ ಅಲ್ಲ, ಉಳಿದ ಹುಡುಗರ ಎದುರಿಗೇ, "ನಿನ್ನನ್ನೇನು ಕತ್ತರಿಸಿ ಹೊಲಿದು ಅಳತೆಗೆ ತಂದಿದ್ದಾರೇನಪ್ಪಾ?" ಎಂದು ಕೇಳಿಬಿಟ್ಟೆ. ಹುಡುಗ ಕಾಗದವನ್ನು ಮಡಚಿಕೊಂಡು ಹೋದ. ಅವನು ಅದನ್ನು ಸಲ್ಲಿಸಲೇ ಇಲ್ಲವೆಂಬುದು ಕೊನೆಯ ದಿನಾಂಕ ಕಳೆದ ಮೇಲೆ ನನಗೆ ತಿಳಿಯಿತು.

ಆ ತಪ್ಪಿಗೆ ನಮ್ಮ ಕಿವಿಯೂ ಲಿಪಿಯೂ ಪಾಲುದಾರರು. ಈ ಪದಗಳ ನಡುವಣ ಭೇದವೆಲ್ಲ ಒಂದು ಸ್ವರದ್ದು. ಒಂದರಲ್ಲಿ 'ಡಾಕ್ಟರ್', 'ಕಾಲೇಜ್' ಎಂಬಲ್ಲಿ ಇಂಗ್ಲಿಷರು ತುಟಿಯನ್ನು ದುಂಡಗೆ ಮಾಡಿ ನುಡಿಯುವ ಸ್ವರ. ಇನ್ನೊಂದರಲ್ಲಿ 'ಬ್ಯಾಂಕ್', 'ಬ್ಯಾಟ್' ಎಂಬಲ್ಲಿ ಕೇಳಿಬರುವ ಸ್ವರ. ಎರಡಕ್ಕೂ ನಮ್ಮ ವರ್ಣಮಾಲೆಯಲ್ಲಿ ಸ್ವಂತ ಅಕ್ಷರವಿಲ್ಲ. ಮರಾಠಿಯವರು ಅಕ್ಷರದ ನೆತ್ತಿಯ ಮೇಲೆ ಅರ್ಧಚಂದ್ರವನ್ನಿಟ್ಟು ಎರಡನ್ನೂ ಬೇರೆಬೇರೆಯಾಗಿ ಬರೆಯುತ್ತಾರೆ. ನಾವೋ ಬ್ಯಾಂಕಿಗೆ ತಪ್ಪದೆ ಹಾಕುವ ಯಕಾರದ ಒತ್ತನ್ನು ಇಲ್ಲಿ ಮರೆತು ಎರಡನ್ನೂ 'ಅಡಾಪ್ಟ್' ಎಂದೇ ಬರೆದುಬಿಡುತ್ತೇವೆ. ಹೀಗೆ ಬರೆದದ್ದನ್ನು ಓದಿ ಕಲಿತವನು ಮರಳಿ ಇಂಗ್ಲಿಷಿಗೆ ಹೋದಾಗ ಎಡವದೆ ಏನು ಮಾಡಿಯಾನು?

ಎರಡೂ ಲ್ಯಾಟಿನ್ ಮೂಲದವು. 'ಅಡಾಪ್ಟ್' ಪದದ ಒಡಲಲ್ಲಿರುವುದು ಆರಿಸಿಕೊಳ್ಳುವುದೆಂಬ ಅರ್ಥದ ಧಾತು. ನಮ್ಮ ವಿದ್ಯಾರ್ಥಿಗಳು 'ಆಪ್ಷನಲ್ ವಿಷಯ' ಎನ್ನುತ್ತಾರಲ್ಲ, ಆ ಪದದ ಮೂಲವೂ ಅದೇ. 'ಅಡ್ಯಾಪ್ಟ್' ಪದದೊಳಗಿರುವುದು ಹೊಂದಿಸುವುದೆಂಬ ಅರ್ಥದ ಧಾತು. ಆರಿಸಿ ತನ್ನದಾಗಿಸಿಕೊಂಡರೆ ಅಡಾಪ್ಟ್. ಬೇಕಾದ ಹಾಗೆ ಮಾರ್ಪಡಿಸಿ ಒಗ್ಗಿಸಿದರೆ, ಅಥವಾ ತಾನೇ ಒಗ್ಗಿಕೊಂಡರೆ, ಅಡ್ಯಾಪ್ಟ್. ಮೊದಲನೆಯದರಲ್ಲಿ ಬದಲಾಗುವುದು ಒಡೆತನ ಅಥವಾ ನಂಟು, ಎರಡನೆಯದರಲ್ಲಿ ವಸ್ತುವಿನ ಆಕಾರ.

ದತ್ತು ಎಂಬ ಮಾತು ಬಂದಾಗ ಕಲ್ಯಾಣವನ್ನು ನೆನೆಯದಿರುವುದು ಹೇಗೆ? 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಇದೇ ಊರು. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದದ್ದು ಆ ಅರಸನ ಆಶ್ರಯದಲ್ಲಿ. ದತ್ತಕಪುತ್ರನ ವಿಚಾರವೂ ಅದರಲ್ಲಿದೆ. ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗದ ನ್ಯಾಯಾಲಯಗಳು ಹಿಂದೂ ಕುಟುಂಬದ ಆಸ್ತಿಪಾಸ್ತಿಯ ವ್ಯಾಜ್ಯಗಳಲ್ಲಿ ಈ ಗ್ರಂಥವನ್ನೇ ಪ್ರಮಾಣವೆಂದು ಹಿಡಿದವು. ನಮ್ಮ ಕಡೆಯ ಉರ್ದು ಮಾತಿನಲ್ಲಿ ದತ್ತು ಪಡೆಯುವುದಕ್ಕೆ 'ಗೋದ್ ಲೇನಾ' ಎನ್ನುತ್ತಾರೆ, ಎಂದರೆ ಮಡಿಲಿಗೆ ತೆಗೆದುಕೊಳ್ಳುವುದು. ಯಾವ ನಿಘಂಟೂ ಕೊಡದ ಅರ್ಥವನ್ನು ಈ ಮಾತು ಕೊಡುತ್ತದೆಂದು ನನ್ನ ಭಾವನೆ.

ಸ್ವಾರಸ್ಯವೆಂದರೆ 1956ರ ಕೊನೆಯ ಎರಡು ತಿಂಗಳುಗಳಲ್ಲಿ ಈ ಎರಡೂ ಪದಗಳು ಕಾನೂನಿನ ಉಡುಪು ತೊಟ್ಟು ನಮ್ಮ ಭಾಗಕ್ಕೆ ಬಂದವು. ನವೆಂಬರ್ 1ರಂದು ಬೀದರ್ ಜಿಲ್ಲೆಯ ಕನ್ನಡದ ತಾಲ್ಲೂಕುಗಳು ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿದವು. ಜನ ಒಂದೇ ದಿನದಲ್ಲಿ ಸೇರಬಹುದು, ಕಾನೂನುಗಳು ಸೇರಲಾರವು. ಆದಕಾರಣ ಹಳೆಯ ಕಾನೂನುಗಳನ್ನು ಹೊಸ ರಾಜ್ಯಕ್ಕೆ ಹೊಂದುವಂತೆ ಒಂದು ವರ್ಷದೊಳಗೆ ಮಾರ್ಪಡಿಸುವ ಅಧಿಕಾರವನ್ನು ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ಸರ್ಕಾರಗಳಿಗೆ ಕೊಟ್ಟಿತ್ತು. ಅಲ್ಲಿಯ ಪದ 'ಅಡ್ಯಾಪ್ಟ್'. ಅದೇ ವರ್ಷದ ಡಿಸೆಂಬರ್ 21ರಂದು ಜಾರಿಗೆ ಬಂದ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯದು 'ಅಡಾಪ್ಟ್'. ಅದರ ಪ್ರಕಾರ ದತ್ತುವಾದ ದಿನದಿಂದ ಮಗು ಆ ಮನೆಯ ಮಗುವೇ. ಸಂವಿಧಾನದ ಪೀಠಿಕೆಯಲ್ಲಿ, 1949ರ ನವೆಂಬರ್ 26ರ ದಿನಾಂಕದೊಡನೆ ಬರುವುದೂ ಈ ಪದವೇ; ಕನ್ನಡದಲ್ಲಿ ಅದನ್ನು 'ಅಂಗೀಕರಿಸು' ಎನ್ನುತ್ತೇವೆ.

ಸಾಹಿತ್ಯದಿಂದ ಒಂದು ನಿದರ್ಶನ ಸಾಕು. ಸೊಫೊಕ್ಲೀಸನ 'ಅಯಾಸ್' ನಾಟಕ ಬಿ.ಎಂ.ಶ್ರೀಯವರ ಕೈಯಲ್ಲಿ 'ಅಶ್ವತ್ಥಾಮನ್' ಆಯಿತು. ಗ್ರೀಕರ ದುರಂತದ ರೂಪವನ್ನು ಶ್ರೀಯವರು ಕನ್ನಡಕ್ಕೆ ಅಡಾಪ್ಟ್ ಮಾಡಿಕೊಂಡರು. ಗ್ರೀಕ್ ವೀರನ ಕಥೆಯನ್ನು ಮಹಾಭಾರತಕ್ಕೆ ಅಡ್ಯಾಪ್ಟ್ ಮಾಡಿದರು. ಒಂದೇ ಕೃತಿಯಲ್ಲಿ ಎರಡೂ ಕ್ರಿಯೆಗಳು ನಡೆದಿವೆ.

ಆ ಹುಡುಗನ ಮಾತಿಗೆ ಬರುತ್ತೇನೆ. ಮರುವರ್ಷ ಅವನನ್ನು ಮನೆಗೆ ಕರೆಸಿ, ನನ್ನ ತಪ್ಪನ್ನು ಒಪ್ಪಿಕೊಂಡು, ಅರ್ಜಿಯನ್ನು ಜೊತೆಯಲ್ಲಿ ಕುಳಿತು ಬರೆಸಿದೆ. ಆ ಪದ ಬಂದಾಗ ಅವನು ಲೇಖನಿಯನ್ನು ತಡೆದು, "ಸರ್, ಈಗ ಅಡಾಪ್ಟ್ ಅಂತಲೇ ಬರೀತೀನ್ರೀ. ಆದರ ಕಾಕಾನ ಮನಿಗಿ ಬಂದ ಮೊದಲ ಎರಡು ವರ್ಷ ನಾ ಬರೆದದ್ದೇ ಖರೇ ಇತ್ತು" ಎಂದ. ತಾಯಿಯನ್ನು ಬಿಟ್ಟು ಬಂದು, ಬೇರೆ ಮನೆಯ ಊಟ, ಬೇರೆ ಮನೆಯ ಗದರಿಕೆಗೆ ಒಗ್ಗಿಕೊಂಡ ಹುಡುಗ ಅವನು. ನಾನು ಉತ್ತರ ಕೊಡಲಿಲ್ಲ.

ಬರೆಯುವವರಿಗೆ ಇನ್ನೊಂದು ಸೂಚನೆ. ನಾಮಪದಗಳು ಇಷ್ಟು ತೊಡಕಿನವಲ್ಲ: ದತ್ತಕ 'ಅಡಾಪ್ಷನ್', ರೂಪಾಂತರ 'ಅಡ್ಯಾಪ್ಟೇಷನ್', ಎರಡನೆಯದು ಒಂದು ಅಕ್ಷರ ಉದ್ದ. ಕ್ರಿಯಾಪದದಲ್ಲಿ ಅನುಮಾನ ಬಂದರೆ ಅದರ ನಾಮಪದವನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳಿ. ನಾನು ಈಗಲೂ ಹಾಗೆಯೇ ಮಾಡುತ್ತೇನೆ.