ಕೂಡ್ಲಿನಲ್ಲಿ ಕೊಳೆಯ ಜಾಡು

ಕಾಸರಗೋಡು ಪೇಟೆ ದಾಟಿ ಹೆದ್ದಾರಿಯಲ್ಲಿ ಮಂಗಳೂರಿನತ್ತ ಸ್ವಲ್ಪ ಬಂದರೆ ಕೂಡ್ಲು. ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇರುವುದು ಇಲ್ಲಿ. ಊರವರ ಬಾಯಲ್ಲಿ ಬರೀ ‘ಸಿಪಿಸಿಆರ್‌ಐ’. 1916ರಲ್ಲಿ ತೆಂಗಿಗೆಂದು ತೆರೆದ ಕೇಂದ್ರ, 1970ರಲ್ಲಿ ಕಾಯಂಕುಳಂ ಮತ್ತು ವಿಟ್ಲದ ಕೇಂದ್ರಗಳೂ ಸೇರಿ ಈಗಿನ ರೂಪಕ್ಕೆ ಬಂತು. ಗೇಟಿನ ಒಳಗೆ ಬರುವವರು ಹೆಚ್ಚಾಗಿ ಕೇಳುವುದು ಸಸಿಗಳನ್ನು. ನಾನು ಬಂದದ್ದು ಬೂಷ್ಟು ನೋಡಲು.

ತೆಂಗಿನ ಸಾಲಿನಲ್ಲಿ ನಡೆಯುವಾಗ ಮರದ ಕಾಂಡ ನೋಡುತ್ತ ಹೋಗಬೇಕು. ತೊಗಟೆಯ ಬಿರುಕಿನಿಂದ ಕೆಂಗಂದು ರಸ ಇಳಿದು ಕಪ್ಪಾಗಿ ಒಣಗಿದ್ದರೆ ಅದು ರಸ ಸೋರುವ ರೋಗ. ಹಿಂದೆ ಕೊಳೆತ ಭಾಗ ಕೆತ್ತಿ ಟಾರು ಬಳಿಯುತ್ತಿದ್ದರು. ಈಗ ಬಳಿಯುವುದು ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರದ ಪೇಸ್ಟು. ಅದು ರೋಗದ ಶಿಲೀಂಧ್ರದ ಎಳೆಗೆ ಸುತ್ತಿಕೊಂಡು, ಕಿಣ್ವ ಬಿಟ್ಟು ಅದರ ಗೋಡೆ ಕರಗಿಸಿ ತಿನ್ನುತ್ತದೆ. ತೆಂಗಿನ ನಾರಿನ ಹುಡಿಯಲ್ಲೇ ಇದನ್ನು ಬೆಳೆಸಿ ಬಿಲ್ಲೆ ಮಾಡಿದ್ದಾರೆ. ಸುಳಿ ಕೊಳೆ ಬಾರದಂತೆ ಅದನ್ನು ಸೋಗೆಯ ಕಂಕುಳಿಗೆ ಇಡುತ್ತಾರೆ. ತೆಂಗಿನ ಕಸವೇ ತೆಂಗಿಗೆ ಮದ್ದಾದದ್ದು ನನಗೆ ಬಹಳ ಹಿಡಿಸಿತು.

ಬುಡದಲ್ಲಿ ಅಣಬೆ ಎದ್ದ ಮರದ ಕತೆ ಬೇರೆ. ಅದು ಗ್ಯಾನೊಡರ್ಮಾ, ಅಣಬೆ ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಹಳಷ್ಟು ಹಾಳಾಗಿರುತ್ತದೆ. ಇದಕ್ಕೆ ಹೇಳುವ ಒಂದು ಚಿಕಿತ್ಸೆ ಬೇರಿನಿಂದ ಕುಡಿಸುವುದು. ಪೆನ್ಸಿಲ್ ದಪ್ಪದ ಜೀವಂತ ಬೇರು ಹುಡುಕಿ, ಓರೆಯಾಗಿ ಕೊಯ್ದು, ಮದ್ದಿನ ನೀರಿರುವ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇಳಿಸಿ ಬಾಯಿ ಕಟ್ಟುವುದು. ನೂರು ಮಿಲಿ ನೀರಿಗೆ ಎರಡು ಗ್ರಾಂ ಆರಿಯೋಫಂಜಿನ್, ಒಂದು ಗ್ರಾಂ ಮೈಲುತುತ್ತು. ಬೇರು ಅದನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ.

ಈ ಆರಿಯೋಫಂಜಿನ್ ಹಿಂದೆ ಒಬ್ಬ ಕನ್ನಡ ನಾಡಿನ ವಿಜ್ಞಾನಿ ಇದ್ದಾರೆ: ಎಂ.ಜೆ. ತಿರುಮಲಾಚಾರ್. ಗಿಡಗಳ ಕಾಡಿಗೆ ರೋಗ, ತುಕ್ಕು ರೋಗಗಳ ಶಿಲೀಂಧ್ರಗಳನ್ನು ಗುರುತಿಸುತ್ತ ಹೆಸರಾದವರು, ಮುಂದೆ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್‌ನ ಪ್ರಯೋಗಾಲಯ ಸೇರಿದರು. ಅಲ್ಲಿ ಅವರು ಮತ್ತು ಜೊತೆಗಾರರು ಮಣ್ಣಿನ ಸೂಕ್ಷ್ಮಾಣುಗಳಿಂದ ಹ್ಯಾಮೈಸಿನ್, ಆರಿಯೋಫಂಜಿನ್ ತೆಗೆದರು. ಮೊದಲನೆಯದು ಮನುಷ್ಯರಿಗೆ, ಎರಡನೆಯದು ಗಿಡಮರಗಳಿಗೆ. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಿಗೆ ಯಾಕೆ ದಾಟಲಿಲ್ಲವೋ!

ಹಾಗಾದರೆ ಅಡಿಕೆಯ ಕೊಳೆರೋಗಕ್ಕೂ ಆರಿಯೋಫಂಜಿನ್ನನ್ನೇ ಹೊಡೆದರಾಗದೇ? ಆಗದು. ಕೊಳೆ ತರುವ ಫೈಟಾಫ್ತರಾ ನೋಡಲು ಶಿಲೀಂಧ್ರದಂತಿದ್ದರೂ ಪಾಚಿಗಳ ದೂರದ ನೆಂಟ. ಆರಿಯೋಫಂಜಿನ್ ಗುಂಪಿನ ಮದ್ದುಗಳು ಹಿಡಿಯುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು, ಫೈಟಾಫ್ತರಾದಲ್ಲಿ ಅದಿಲ್ಲ. ಫೈಟಾಫ್ತರಾವನ್ನು ತಟ್ಟೆಯಲ್ಲಿ ಬೇರ್ಪಡಿಸುವಾಗ ಪ್ರಯೋಗಾಲಯದವರು ಬೆರೆಸುವುದೂ ಇಂಥದೇ ಮದ್ದನ್ನು: ಉಳಿದ ಬೂಷ್ಟು ಅಡಗುತ್ತದೆ, ಇದೊಂದು ಹಾಯಾಗಿ ಹಬ್ಬುತ್ತದೆ. ಇದರ ಬೀಜಕಣಗಳಿಗೆ ಬಾಲವಿದೆ, ನೀರಿನ ಪದರದಲ್ಲಿ ಈಜುತ್ತವೆ. ಆಟಿಯ ಜಡಿಮಳೆಯಲ್ಲೇ ಕೊಳೆ ಜೋರಾಗುವುದು ಅದಕ್ಕೇ.

ಮೈಸೂರು ಸರಕಾರದ ಶಿಲೀಂಧ್ರ ತಜ್ಞರಾಗಿ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ಪುಸ್ತಿಕೆ ಪ್ರಕಟಿಸಿದರು. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ.

ಸಂಜೆ ಬದಿಯಡ್ಕ ಕಡೆಯ ಒಂದು ಅಡಿಕೆ ತೋಟಕ್ಕೆ ಹೋದೆ. ಒಂದು ಡ್ರಮ್ಮಿನಲ್ಲಿ ಐವತ್ತು ಲೀಟರಿಗೆ ಕಿಲೋ ಮೈಲುತುತ್ತು, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಕಿಲೋ ಸುಣ್ಣ. ಎರಡೂ ಕೂಡಿದಾಗ ನೀರು ತಿಳಿ ನೀಲಿಯಾಯಿತು. ತೋಟದ ಯಜಮಾನರು ಹೊಳೆಯುವ ಬ್ಲೇಡು ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು. ‘ಸುಣ್ಣ ಸಾಲ, ಮಾರಾಯ್ರೇ’ ಎಂದು ಇನ್ನಷ್ಟು ಸುರಿದು ಮತ್ತೆ ಅದ್ದಿದರು. ಈ ಸಲ ಅಲಗು ಬೆಳ್ಳಗೇ ಬಂತು.

‘ಮದ್ದು ಬಿಟ್ಟಾಯ್ತಾ ಎಲ್ಲ?’

‘ಎಲ್ಲಿಂದ? ಮಳೆಗೆ ಮೊದಲು ಒಂದು, ನಲವತ್ತೈದು ದಿನಕ್ಕೆ ಇನ್ನೊಂದು ಅಂತ ಹೇಳ್ತಾರೆ. ಲೆಕ್ಕ ನಮಗೂ ಗೊತ್ತುಂಟು. ಮರ ಹತ್ತುವವರು ಬೇಕಲ್ಲ!’

ಎಲ್ಲ ಸಂಶೋಧನೆಯೂ ಕೊನೆಗೆ ಬಂದು ನಿಲ್ಲುವುದು ಈ ತೆಳ್ಳಗಿನ ಮರದ ಬುಡದಲ್ಲಿ. ತಳೆ ಹಾಕಿ ಮರದಿಂದ ಮರಕ್ಕೆ ದಾಟುವವರು ಕಡಿಮೆಯಾಗಿ, ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಯಜಮಾನರ ಮಗ ದೋಟಿ ಎತ್ತಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಗೊನೆ ಹುಡುಕತೊಡಗಿದ. ಪಡುವಣದಲ್ಲಿ ಮೋಡ ಕಟ್ಟಿತ್ತು. ‘ಇವತ್ತಿಗೆ ಈ ಡ್ರಮ್ಮು ಮುಗಿಸುವ, ಮಿಕ್ಕಿಸಿದರೆ ನಾಳೆಗೆ ಆಗುದಿಲ್ಲ’ ಎಂದು ಯಜಮಾನರು ಪಂಪು ಚಾಲು ಮಾಡಿದರು.